ಸಾಂದರ್ಭಿಕ ಚಿತ್ರ

ನಮ್ಮ ವಾರಪತ್ರಿಕೆಯಿಂದ ಹದಿನಾಲ್ಕು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಉಪಯೋಗವೂ ಆಗಿರಲಿಲ್ಲ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಅವನ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ನಾನು ಹೇಳುತ್ತೇನೆ. ಆದರೆ ಮುಂದೆ ನಡೆದ ಅನಾಹುತವೆಲ್ಲ ಅವನ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದಲೇ ಆಯಿತು.

ಎಂಟು ಪುಟದ ಪತ್ರಿಕೆ. ಸಂಪಾದಕ, ಪ್ರಕಾಶಕ, ವರದಿಗಾರ ಎಲ್ಲ ನಾನೇ. ಪುಟ ಕಟ್ಟಲು ಅಕ್ಕ ಒಬ್ಬರಿದ್ದಾರೆ. ಅವರು ನನ್ನ ಅಕ್ಕನಲ್ಲ, ಊರಿಗೆಲ್ಲ ಅಕ್ಕ. ನಾನು ಬರೆದದ್ದನ್ನು ಕಂಪ್ಯೂಟರಿನಲ್ಲಿ ಅಂಕಣಗಳಾಗಿ ಹೊಂದಿಸುತ್ತಾರೆ, ಜಾಗ ಸಾಲದಿದ್ದರೆ ಕೊನೆಯ ಎರಡು ಪ್ಯಾರಾ ಕತ್ತರಿಸುತ್ತಾರೆ. ಜಾಗ ಯಾವಾಗಲೂ ಸಾಲುವುದಿಲ್ಲ. ಹಾಗಾಗಿ ನನ್ನ ಯಾವ ಲೇಖನದ ಕೊನೆಯನ್ನೂ ಊರಿನಲ್ಲಿ ಯಾರೂ ಓದಿಲ್ಲ. ಇದುವರೆಗೆ ಒಬ್ಬರೂ ಯಾಕೆ ಎಂದು ಕೇಳಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಭಾವಮೈದುನ ನಮ್ಮಲ್ಲಿ ಊಟ ಮುಗಿಸಿ, ನನ್ನ ಪತ್ರಿಕೆಯನ್ನು ಮುಖಕ್ಕೆ ಹೊದ್ದುಕೊಂಡು ಮಲಗಿದ. ಎದ್ದವನೇ ಹೊಗಳಿದ.

“ಭಾವ, ನಿಮ್ಮ ಪೇಪರ್ ತುಂಬಾ ಒಳ್ಳೇದು. ಬೆಳಕು ಒಳಗೇ ಬಿಡಲ್ಲ.”

“ಓದೋಕೆ ಹೇಗಿದೆ ಅಂತ ಹೇಳೋ.”

“ಓದೋದಾ? ಈ ವಾರದ ಮುಖಪುಟದಲ್ಲಿ ಏನಿದೆ ನೀವೇ ನೋಡಿ. ಗ್ರಂಥಾಲಯಕ್ಕೆ ಎರಡು ಹೊಸ ಬೆಂಚು ಬಂತಂತೆ. ಬೆಂಚಿನ ಫೋಟೋ! ಖಾಲಿ ಬೆಂಚು ಭಾವ! ಅದರ ಮೇಲೆ ಒಬ್ಬ ಮನುಷ್ಯನನ್ನಾದ್ರೂ ಕೂರಿಸಬಾರದಿತ್ತಾ? ಪೇಪರ್ ಅಂದ್ರೆ ನೋಡಿದವನು ಬೆಚ್ಚಿ ಬೀಳಬೇಕು.”

ಅಡುಗೆಮನೆಯಿಂದ ನನ್ನಾಕೆ ನಕ್ಕದ್ದು ಕೇಳಿಸಿತು. ತಮ್ಮ ನಕ್ಕರೆ ಸಹಿಸಬಹುದು. ಅವನ ಅಕ್ಕನೂ ಸೇರಿ ನಕ್ಕರೆ ಸಂಪಾದಕನಾದವನು ಎಲ್ಲಿಗೆ ಹೋಗಬೇಕು? ಮುಂದಿನ ಸಂಚಿಕೆಗೆ ಊರೇ ಬೆಚ್ಚಿ ಬೀಳಬೇಕು ಎಂದು ಕೂತಲ್ಲೇ ತೀರ್ಮಾನಿಸಿದೆ.

ಆ ವಾರಕ್ಕೆ ನಿವೃತ್ತ ಮೇಷ್ಟರೊಬ್ಬರು ಕೊಟ್ಟ ಲೇಖನ ಕೈಯಲ್ಲಿತ್ತು. ಮನೆಯೊಳಗೆ ಹೆಂಗಸರ ಮೇಲೆ ನಡೆಯುವ ಹಿಂಸೆಯ ಬಗ್ಗೆ. ಒಳ್ಳೆಯ ಲೇಖನ. ಎಷ್ಟು ಒಳ್ಳೆಯದೆಂದರೆ ಎರಡನೇ ಪ್ಯಾರಾದಲ್ಲಿ ನನಗೇ ಆಕಳಿಕೆ ಬಂತು. ಇದಕ್ಕೊಂದು ಜಬರದಸ್ತು ಚಿತ್ರ ಬೇಕು ಅಂದುಕೊಂಡೆ.

ನಮ್ಮ ಕಚೇರಿಯಲ್ಲಿ ಚಿತ್ರವೆಂದರೆ ಒಂದು ಬಿಸ್ಕತ್ತಿನ ಡಬ್ಬ. ಊರಿನ ಸ್ಟುಡಿಯೋದವರು ಅಂಗಡಿ ಮುಚ್ಚಿ ಹೋಗುವಾಗ, ಗಿರಾಕಿಗಳು ಒಯ್ಯದೆ ಬಿಟ್ಟ ಫೋಟೋಗಳನ್ನೆಲ್ಲ ಅದಕ್ಕೆ ತುಂಬಿ ನನಗೆ ಕೊಟ್ಟಿದ್ದರು. ಸುದ್ದಿಗೆ ಫೋಟೋ ಇಲ್ಲದಾಗ ಡಬ್ಬಕ್ಕೆ ಕೈ ಹಾಕುವುದು, ಸಿಕ್ಕಿದ್ದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’ ಎಂದು ಹಾಕುವುದು, ಇದು ನಮ್ಮ ಪದ್ಧತಿ. ಈ ಎರಡು ಪದ ಹಾಕಿಬಿಟ್ಟರೆ ಯಾರ ಮುಖವನ್ನು ಯಾವ ಸುದ್ದಿಗೆ ಅಂಟಿಸಿದರೂ ನಡೆಯುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕನ್ನಡಕದ ಮುದುಕರೊಬ್ಬರನ್ನು ಜ್ವರದ ಸುದ್ದಿಗೂ, ಚುನಾವಣೆಯ ಸುದ್ದಿಗೂ, ಬಿಸಿಲಿನ ಸುದ್ದಿಗೂ ಬಳಸಿದ್ದೆವು. ಅವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಡಬ್ಬದ ತಳದಲ್ಲಿ ಅದು ಸಿಕ್ಕಿತು. ಒಬ್ಬ ಗಂಡಸು ಹಲ್ಲು ಕಚ್ಚಿ ಕೋಲೆತ್ತಿದ್ದಾನೆ. ಎದುರಿಗೆ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮುದುಡಿ ಕೂತಿದ್ದಾಳೆ. ನನ್ನ ಮೈ ಜುಮ್ಮೆಂದಿತು. ಆ ಹೆಂಗಸಿಗಾಗಿ ಅಲ್ಲ, ನನ್ನ ಮುಖಪುಟಕ್ಕಾಗಿ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

“ಯಾರು ಸಾರ್ ಇವರು?” ಅಕ್ಕ ಕೇಳಿದರು.

“ಯಾರೋ ನಾಟಕದವರು ಇರಬೇಕು.”

“ಯಾರು ಅಂತ ಕೇಳಿ ಹಾಕೋಣ್ವಾ?”

“ಯಾರನ್ನ ಕೇಳ್ತೀರಿ ಅಕ್ಕ? ಸ್ಟುಡಿಯೋದವರು ಊರೇ ಬಿಟ್ಟಿದ್ದಾರೆ. ಬೇಕಾದ್ರೆ ಕಣ್ಣಿಗೆ ಕಪ್ಪು ಪಟ್ಟಿ ಹಾಕಿ. ಜವಾಬ್ದಾರಿ ಅಂದ್ರೆ ಜವಾಬ್ದಾರಿ.”

ಅಕ್ಕ ಪಟ್ಟಿ ಹಾಕಿದರು. ಪಟ್ಟಿ ಬಿದ್ದದ್ದೇ ತಡ, ಆ ಮನುಷ್ಯ ಇನ್ನೂ ದೊಡ್ಡ ಕೇಡಿಯಾಗಿ ಕಂಡ. ನನಗೆ ಬಹಳ ಸಂತೋಷವಾಯಿತು.

“ಸಾರ್, ಹೆಂಗಸಿನ ತಲೆ ಮೇಲೆ ಒಂದು ಚುಕ್ಕೆ ಇದೆ. ಮಸಿ ಕಲೆ ಅನ್ಸುತ್ತೆ.”

“ಒರೆಸಿ. ಮುಖಪುಟ ಸ್ವಚ್ಛವಾಗಿರಬೇಕು.”

ಒರೆಸಿದರು. ಅದರ ಮೇಲೆ ಅಂಗೈಯಗಲದ ಅಕ್ಷರದಲ್ಲಿ ನಾನು ತಲೆಬರಹ ಕೊಟ್ಟೆ: ‘ಇವನೂ ಒಬ್ಬ ಗಂಡನೇ?’ ಚಿತ್ರ ದೊಡ್ಡದಾದ್ದರಿಂದ ಮೇಷ್ಟರ ಲೇಖನದ ಕೊನೆಯ ಎರಡು ಪ್ಯಾರಾ ಹೋಯಿತು. ಹೊಡೆಸಿಕೊಳ್ಳುವ ಹೆಂಗಸರು ಎಲ್ಲಿ ಹೋಗಿ ಸಹಾಯ ಕೇಳಬೇಕು ಎಂಬುದು ಆ ಎರಡು ಪ್ಯಾರಾಗಳಲ್ಲಿತ್ತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಪತ್ರಿಕೆ ಖಾಲಿ. ಬಸ್ ನಿಲ್ದಾಣದ ಅಂಗಡಿಯವರು ಇನ್ನೂ ಕಳಿಸಿ ಎಂದು ಫೋನ್ ಮಾಡಿದರು. ಅವರು ಅದುವರೆಗೆ ಫೋನ್ ಮಾಡಿದ್ದೆಲ್ಲ ಮಿಕ್ಕಿದ್ದನ್ನು ಒಯ್ಯಿರಿ ಎನ್ನುವುದಕ್ಕೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾವ ಕೆಲಸವೂ ಇಲ್ಲದಿದ್ದರೂ ಬೀದಿಗಿಳಿದೆ.

ಔಷಧಿ ಅಂಗಡಿಯವರು ಮೆಟ್ಟಿಲಿಳಿದು ಬಂದು ಕೈ ಕುಲುಕಿದರು.

“ಭೇಷ್ ಸಾರ್! ಇಂಥವರನ್ನ ಬಿಡಲೇಬಾರದು. ಎಷ್ಟು ಸಾಧು ಥರ ಇದ್ದ ನೋಡಿ. ನನ್ನ ಮಗಳ ಬಟ್ಟೆ ಎಲ್ಲ ಅವನ ಹತ್ರಾನೇ ಹೊಲಿಸಿದ್ದು.”

“ಯಾರ ಹತ್ರ?”

“ಅಯ್ಯೋ, ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ? ಕಣ್ಣಿಗೆ ಪಟ್ಟಿ ಹಾಕಿ ನಿಮ್ಮ ಧರ್ಮ ನೀವು ಪಾಲಿಸಿದ್ದೀರಿ. ಕೊರಳಲ್ಲಿರೋ ಟೇಪಿಗೆ ಪಟ್ಟಿ ಹಾಕಿಲ್ವಲ್ಲ!” ಎಂದು ಕಣ್ಣು ಮಿಟುಕಿಸಿದರು.

ಪತ್ರಿಕೆ ಬಿಡಿಸಿ ನೋಡಿದೆ. ಕೊರಳಲ್ಲಿ ಅಳತೆಯ ಟೇಪು. ಕೈಯಲ್ಲಿದ್ದದ್ದು ಬಟ್ಟೆ ಅಳೆಯುವ ಗಜಕೋಲು. ಹತ್ತು ವರ್ಷ ಹಳೆಯ ಫೋಟೋ, ತಲೆ ತುಂಬ ಕೂದಲು, ಅದಕ್ಕೇ ನನಗೆ ಗುರುತು ಹತ್ತಿರಲಿಲ್ಲ. ನಮ್ಮ ಹಿಂದಿನ ಬೀದಿಯ ಟೈಲರು!

ಅವರು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಹೊಲಿಗೆ ಯಂತ್ರದ ಸದ್ದು ಜಾಸ್ತಿಯಾಯಿತೇ ಎಂದು ಪಕ್ಕದ ಅಂಗಡಿಗೆ ಹೋಗಿ ವಿಚಾರಿಸುವ ಮನುಷ್ಯ. ಹೆಂಡತಿ ಪಕ್ಕದಲ್ಲೇ ಕೂತು ಗುಂಡಿ ಹಾಕುತ್ತಿರುತ್ತಾರೆ. ಇಬ್ಬರೂ ಇಡೀ ದಿನ ಪಿಸುಪಿಸು ಮಾತಾಡುತ್ತಾ ನಗುತ್ತಿರುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದವರು ಅಷ್ಟೊಂದು ಏನು ಮಾತಾಡುತ್ತಾರೆ ಎಂದು ನನ್ನಾಕೆ ಆಗಾಗ ನನ್ನನ್ನು ಕೇಳುವುದುಂಟು, ನಾನು ಪೇಪರಿನ ಹಿಂದೆ ಅವಿತುಕೊಳ್ಳುವುದುಂಟು. ಆ ಜೋಡಿಯ ಮಾನವನ್ನು ನಾನು ಬೀದಿಬೀದಿಗೆ ಹಂಚಿದ್ದೆ.

ಎದ್ದುಬಿದ್ದು ಓಡಿದೆ. ಅಂಗಡಿಯ ಮುಂದೆ ಆಗಲೇ ಹೆಂಗಸರು ನೆರೆದಿದ್ದರು. ಹೊಲಿಯಲು ಕೊಟ್ಟ ಬಟ್ಟೆ ಹಾಗೇ ವಾಪಸು ಬೇಕಂತೆ. ಮುಂದೆ ನಿಂತವರು ಮಹಿಳಾ ಸಂಘದ ಅಧ್ಯಕ್ಷೆ. ಅವರ ಉಡುಪಿಗೆ ಒಂದೇ ತೋಳು ಕೂಡಿತ್ತು.

“ಇನ್ನೊಂದು ತೋಳು ಸಂಜೆಗೆ ಕೊಡ್ತೀನಮ್ಮ,” ಎಂದರು ಟೈಲರು, ಏನಾಗುತ್ತಿದೆ ಎಂದು ತಿಳಿಯದೆ.

“ಹೆಂಡತಿ ಮೇಲೆ ಎತ್ತಿದ ಕೈಯಲ್ಲಿ ಹೊಲಿದ ತೋಳು ನಂಗೆ ಬೇಡ!”

ಟೈಲರ ಹೆಂಡತಿ ಎದ್ದು ಬಂದರು. “ಅಮ್ಮಾ, ಇವರು ನನ್ನ ಒಂದು ದಿನಾನೂ ಹೊಡೆದಿಲ್ಲ.”

ಅಧ್ಯಕ್ಷೆ ಅವರ ಬೆನ್ನು ಸವರಿದರು. “ಹೆದರಬೇಡ ತಾಯಿ. ಹೊಡೆಸಿಕೊಂಡವರು ಮೊದಲು ಹೀಗೇ ಹೇಳೋದು. ಮೇಷ್ಟರ ಲೇಖನದಲ್ಲೇ ಇದೆ.”

“ಹೊಡೆದಿದ್ರೆ ನಾನು ಸುಮ್ನಿರ್ತಿದ್ನಾ? ಕತ್ತರಿ ಇರೋದು ನನ್ನ ಕೈಲಿ!”

“ನೋಡಿದ್ರಾ, ಎಷ್ಟು ನೊಂದಿದ್ದಾಳೆ!” ಎಂದರು ಅಧ್ಯಕ್ಷೆ, ಜನರ ಕಡೆ ತಿರುಗಿ.

ಟೈಲರ ಹೆಂಡತಿಗೆ ತಡೆಯಲಾರದೆ ನಗು ಬಂತು. ಪಾಪ, ಬುದ್ಧಿಗೂ ಪೆಟ್ಟಾಗಿದೆ ಎಂದು ಹಿಂದಿನ ಸಾಲಿನವರು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಯಾರೋ ನನ್ನನ್ನು ನೋಡಿ, “ಇವರೇ ಸಂಪಾದಕರು!” ಎಂದರು. ನಾನು ನಿಜ ಹೇಳಲೆಂದೇ ಬಾಯಿ ತೆರೆದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ನಿಜ ಹೇಳಿ ನನಗೆ ಅಭ್ಯಾಸವಿರಲಿಲ್ಲ, ಚಪ್ಪಾಳೆಯೇ ಅಭ್ಯಾಸವಿರಲಿಲ್ಲ. ತೆರೆದ ಬಾಯಲ್ಲಿ ಹಲ್ಲು ಕಿರಿದು, ತಲೆ ಬಾಗಿಸಿ, ಹಿಂದಕ್ಕೆ ಸರಿದೆ. ಗುಂಪಿನ ಮೇಲಿಂದ ಟೈಲರು ನನ್ನನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಟೈಲರಿಗೂ ಅವರ ಹೆಂಡತಿಗೂ ನನಗೂ ಪೊಲೀಸ್ ಠಾಣೆಯಿಂದ ಕರೆ ಬಂತು. ಮೂರು ಅರ್ಜಿ ಹೋಗಿದ್ದವಂತೆ. ಒಂದರಲ್ಲಿ ಟೈಲರು ಹೆಂಡತಿಗೆ ಹೊಡೆಯುತ್ತಾರೆ ಎಂದಿತ್ತು, ಇನ್ನೊಂದರಲ್ಲಿ ಇಬ್ಬರು ಹೆಂಡಿರಿಗೆ ಹೊಡೆಯುತ್ತಾರೆ ಎಂದಿತ್ತು. ಮೂರನೆಯದು ಪ್ಯಾಂಟಿನ ಉದ್ದ ಕಡಿಮೆಯಾದ ಬಗ್ಗೆ, ಸಮಯ ನೋಡಿ ಯಾರೋ ಸೇರಿಸಿದ್ದು. ಇನ್‌ಸ್ಪೆಕ್ಟರು ಗಜಕೋಲನ್ನು ಸಾಕ್ಷಿಯೆಂದು ಬಟ್ಟೆ ಸುತ್ತಿ ಮೇಜಿನ ಮೇಲಿಟ್ಟಿದ್ದರು.

“ಏನಮ್ಮ, ಈ ಫೋಟೋದಲ್ಲಿರೋದು ನೀವೇನಾ?”

“ನಾವೇ ಸಾಹೇಬ್ರೇ. ಅಂಗಡೀಗೆ ಹದಿನೈದು ವರ್ಷ ಆಯ್ತು ಅಂತ ಫೋಟೋ ತೆಗೆಸ್ತಿದ್ವಿ. ಇಬ್ರೂ ನಗ್ತಾನೇ ನಿಂತಿದ್ವಿ. ಒಂದು ಕಡಜ ಬಂದು ನನ್ನ ತಲೆ ಮೇಲೆ ಕೂತ್ಕೊಳ್ತು. ಕಡಜ ಅಂದ್ರೆ ನಂಗೆ ಜೀವಾನೇ ಹೋಗುತ್ತೆ. ಮುಖ ಮುಚ್ಕೊಂಡು ಕೂತ್ಬಿಟ್ಟೆ. ಅದನ್ನ ಓಡಿಸೋಕೆ ಇವರು ಗಜಕೋಲು ಎತ್ತಿದ್ರು. ಸ್ಟುಡಿಯೋದವನು ಅದೇ ಹೊತ್ತಿಗೆ ಒತ್ತಿಬಿಟ್ಟ.”

ಇನ್‌ಸ್ಪೆಕ್ಟರು ಭೂತಗನ್ನಡಿ ತರಿಸಿ ಮುಖಪುಟದ ಮೇಲೆ ಹಿಡಿದರು.

“ಕಡಜ ಎಲ್ಲಿದೆ?”

“ತಲೆ ಮೇಲೆ ಸಾಹೇಬ್ರೇ.”

“ತಲೆ ಮೇಲೆ ಏನೂ ಇಲ್ಲ. ಸ್ವಚ್ಛವಾಗಿದೆ.”

ಆ ಮನುಷ್ಯನನ್ನು ಉಳಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನು ಒರೆಸಿಸಿದ್ದೆ.

“ಸಂಪಾದಕರೇ, ನಿಮ್ಮ ಹತ್ರ ಇರೋ ಅಸಲಿ ಫೋಟೋದಲ್ಲಿ ಕಡಜ ಇತ್ತಾ?”

ಟೈಲರು ನನ್ನ ಕಡೆ ನೋಡಿದರು. ಭರವಸೆಯಿಂದಲೇ ನೋಡಿದರು, ಅದನ್ನು ನಾನು ಮರೆಯಲಾರೆ.

“ನೋಡಬೇಕು ಸಾರ್,” ಎಂದೆ.

ನೋಡುವುದೇನೂ ಇರಲಿಲ್ಲ. ಹೂಂ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊರಗೆ ಜನ ನಿಂತಿದ್ದರು, ಬೆಳಗಿನ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಹೆಂಡತಿಯೇ ದೂರಿಲ್ಲ ಎಂದಮೇಲೆ ಪ್ರಕರಣವಿಲ್ಲ ಎಂದು ಇನ್‌ಸ್ಪೆಕ್ಟರು ಅವರನ್ನು ಕಳಿಸಿದರು. ಗಜಕೋಲು ಮಾತ್ರ ವಿಚಾರಣೆ ಮುಗಿಯುವವರೆಗೆ ಠಾಣೆಯಲ್ಲೇ ಉಳಿಯಿತು. ನಾನು ಹೊರಡುವಾಗ ಇನ್‌ಸ್ಪೆಕ್ಟರು ಹೇಳಿದರು: “ಈಗ ಸ್ವಲ್ಪ ಹೊತ್ತಿಗೆ ಮುಂಚೆ ನಿಜವಾಗ್ಲೂ ಹೊಡೆಸ್ಕೊಂಡ ಹೆಂಗಸೊಬ್ಬಳು ಬಂದಿದ್ಲು ರೀ. ಬಾಗಿಲಲ್ಲಿ ಈ ಜಾತ್ರೆ ನೋಡಿ ವಾಪಸ್ ಹೋದ್ಲು.”

ಕಚೇರಿಗೆ ಹೋಗಿ ಅಸಲಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ರೆಕ್ಕೆ, ಸಣ್ಣ ಸೊಂಟ. ಸ್ಪಷ್ಟವಾಗಿ ಕಡಜ.

ಮುಂದಿನ ಸಂಚಿಕೆಯ ಏಳನೇ ಪುಟದಲ್ಲಿ, ಕೂದಲೆಣ್ಣೆಯ ಜಾಹೀರಾತಿಗೂ ಬಸ್ಸಿನ ವೇಳಾಪಟ್ಟಿಗೂ ನಡುವೆ ಮೂರು ಸಾಲು ಹಾಕಿದೆ: ‘ಕಳೆದ ವಾರದ ಮುಖಪುಟದ ಚಿತ್ರ ಕೇವಲ ಸಾಂದರ್ಭಿಕ. ಅದರಲ್ಲಿರುವವರಿಗೂ ಲೇಖನಕ್ಕೂ ಸಂಬಂಧವಿಲ್ಲ. ವಿಷಾದಿಸುತ್ತೇವೆ.’ ಓದಿದವರು ಒಬ್ಬರೇ, ಔಷಧಿ ಅಂಗಡಿಯವರು.

“ಅರ್ಥ ಆಯ್ತು ಬಿಡಿ,” ಎಂದರು ದನಿ ತಗ್ಗಿಸಿ. “ಮನೆಗೆ ಬಂದು ಹೆದರಿಸಿದ್ನಾ? ಗಜಕೋಲು ತಂದಿದ್ನಾ?”

“ಇಲ್ಲ ಸಾರ್! ಗಜಕೋಲು ಠಾಣೇಲಿದೆ!”

“ಹಾಗಾದ್ರೆ ಕತ್ತರಿ!”

ಸಂಜೆಯ ಹೊತ್ತಿಗೆ ಟೈಲರು ನನ್ನ ಕುತ್ತಿಗೆಗೆ ಕತ್ತರಿ ಹಿಡಿದ ಸುದ್ದಿ ಊರಿಗೆಲ್ಲ ಗೊತ್ತಾಯಿತು. ನನಗೆ ತಿಳಿಸಿದ್ದು ನನ್ನಾಕೆ.

“ಮೊದಲನೇ ಪುಟದಲ್ಲಿ ಬಡಿದು ಏಳನೇ ಪುಟದಲ್ಲಿ ಮುಲಾಮು ಹಚ್ತೀರೇನ್ರೀ? ಅದೂ ಇಷ್ಟು ಸಣ್ಣಕ್ಷರದಲ್ಲಿ? ತಪ್ಪು ಮಾಡೋವಾಗ ಜಾಗ ಇತ್ತು, ಒಪ್ಪಿಕೊಳ್ಳೋವಾಗ ಜಾಗ ಇಲ್ವಾ?”

ಆಕೆಯ ಮಾತು ನಾಟಿತು. ಈ ಸಲ ಮುಖಪುಟವೇ ಎಂದುಕೊಂಡೆ. ಅದೇ ಫೋಟೋ, ಅಸಲಿಯಲ್ಲಿದ್ದಂತೆಯೇ, ಕಪ್ಪು ಪಟ್ಟಿಯಿಲ್ಲದೆ. ಕಡಜದ ಸುತ್ತ ಒಂದು ವೃತ್ತ, ವೃತ್ತಕ್ಕೊಂದು ಬಾಣ. ತಲೆಬರಹ: ‘ಕಡಜವನ್ನು ಒರೆಸಿದವನು ನಾನು’.

ಅಕ್ಕ ಮೌಸಿನಿಂದ ಕೈ ತೆಗೆದರು. “ಈ ಚಿತ್ರ ಮತ್ತೆ ಹಾಕ್ಲೇಬೇಕಾ ಸಾರ್? ಅವರನ್ನ ಒಂದು ಮಾತು ಕೇಳಿದ್ರಾ?”

“ನಿಜ ಹೇಳೋಕೆ ಯಾರನ್ನ ಕೇಳ್ಬೇಕು ಅಕ್ಕ?”

ಎರಡನೇ ಸಲವೂ ನಾನು ಕೇಳಲಿಲ್ಲ. ಹಿಂದಿನ ಬೀದಿ ನಮ್ಮ ಕಚೇರಿಯಿಂದ ನೂರು ಹೆಜ್ಜೆ ಇರಬಹುದು. ಕಡಜ ಎಲ್ಲರಿಗೂ ಕಾಣಲೆಂದು ಚಿತ್ರವನ್ನು ಅರ್ಧ ಪುಟಕ್ಕೆ ಹಿಗ್ಗಿಸಿದೆವು. ನನ್ನ ಬರಹದ ಕೊನೆಯ ಎರಡು ಪ್ಯಾರಾ ಪದ್ಧತಿಯಂತೆ ಹೋಯಿತು. ಕ್ಷಮೆ ಕೇಳಿದ್ದು ಅದರಲ್ಲಿತ್ತು.

ಈ ಸಂಚಿಕೆ ಒಂಬತ್ತು ಗಂಟೆಗೇ ಖಾಲಿಯಾಯಿತು. ಹೋದ ಸಲ ನೋಡದವರೂ ಈಗ ನೋಡಿದರು, ಅಕ್ಕಪಕ್ಕದ ಊರಿನವರೂ ನೋಡಿದರು. ಕಣ್ಣಿನ ಪಟ್ಟಿ ತೆಗೆದದ್ದರಿಂದ ಗುರುತು ಹಿಡಿಯುವ ಶ್ರಮವೂ ಯಾರಿಗೂ ಉಳಿಯಲಿಲ್ಲ. ಹೋದ ವಾರ ಇಲ್ಲದ ಕಡಜ ಈ ವಾರ ಎಲ್ಲಿಂದ ಹಾರಿಬಂತು ಎಂದು ಜನ ಕೇಳತೊಡಗಿದರು. ಕಂಪ್ಯೂಟರಿನಲ್ಲಿ ಆನೆಯನ್ನೂ ಕೂರಿಸಬಹುದು, ಕಡಜ ಯಾವ ಲೆಕ್ಕ ಎಂದು ಅಧ್ಯಕ್ಷೆ ಸಭೆಯಲ್ಲಿ ಹೇಳಿದರಂತೆ. ಕೊನೆಗೆ ನಮ್ಮ ಭಾವಮೈದುನ ಬಂದ.

“ಭಾವ, ನಿಮ್ಮ ಧೈರ್ಯ ಮೆಚ್ಚಿದೆ. ಆದ್ರೆ ಕಡಜ ಸಹಜವಾಗಿ ಬಂದಿಲ್ಲ. ರೆಕ್ಕೆ ಸ್ವಲ್ಪ ಚಿಕ್ಕದು ಮಾಡಬೇಕಿತ್ತು.”

“ಅದು ನಿಜವಾದ ಕಡಜ ಕಣೋ!”

“ನನ್ನ ಹತ್ರಾ?” ಎಂದು ಬೆನ್ನು ತಟ್ಟಿದ.

ಮರುದಿನ ಟೈಲರ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತು. ಟೈಲರ ಹೆಂಡತಿಯ, ಪರ ಊರಿನಲ್ಲಿದ್ದ ಮೂವರು ಅಣ್ಣಂದಿರು ಪತ್ರಿಕೆ ನೋಡಿ ತಂಗಿಯನ್ನು ಕರೆದೊಯ್ಯಲು ಬಂದಿದ್ದರು. ನಾನು ಎದುರಿನ ಗೋಡೆಗೆ ಒರಗಿ ನೋಡುತ್ತಾ ನಿಂತೆ, ಹತ್ತಿರ ಹೋಗಲಿಲ್ಲ. ಅಣ್ಣಂದಿರು ಆಕೆಯ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದರು, ಆಕೆ ಇಳಿಸುತ್ತಿದ್ದರು. ನಾಲ್ಕು ಸಲ ಏರಿತು, ನಾಲ್ಕು ಸಲ ಇಳಿಯಿತು. ಯಾರ ಮನಸ್ಸನ್ನೂ ನೋಯಿಸಲಾರದ ಟೈಲರು, ಪೆಟ್ಟಿಗೆ ಏರುವಾಗ ಅಣ್ಣಂದಿರಿಗೂ ಇಳಿಯುವಾಗ ಹೆಂಡತಿಗೂ ಇನ್ನೊಂದು ತುದಿ ಹಿಡಿದು ಸಹಾಯ ಮಾಡಿದರು. ಬೀದಿಯವರು ನಕ್ಕರು. ನನಗೂ ನಗು ಬಂತು, ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ.

“ನಾನು ಬರಲ್ಲ ಅಂದ್ರೆ ಬರಲ್ಲ ಅಣ್ಣಾ! ಇಪ್ಪತ್ತಾರು ವರ್ಷ ನಾನು ಹೇಳಿದ್ದು ಸುಳ್ಳು, ಪೇಪರ್‌ನವರು ಹೇಳಿದ್ದು ನಿಜಾನಾ?”

“ಬೇಡ ಬಿಡು,” ಎಂದರು ದೊಡ್ಡಣ್ಣ. “ಆದ್ರೆ ದಿನಾ ಸಂಜೆ ಫೋನ್ ಮಾಡ್ತೀನಿ. ಹೊಡೆದ್ನೋ ಇಲ್ವೋ ಅಂತ ಹೇಳ್ಬೇಕು.”

ಅವರು ಮಾತಿನ ಮನುಷ್ಯ. ದಿನಾ ಸಂಜೆ ಆರಕ್ಕೆ ಫೋನ್ ಬರುತ್ತಿತ್ತಂತೆ. ಹಿರಿಯ ಭಾವನಿಗೆ ಅಗೌರವ ಆಗಬಾರದೆಂದು ಟೈಲರೇ ಫೋನ್ ಎತ್ತಿ ಹೆಂಡತಿಗೆ ಕೊಡುತ್ತಿದ್ದರಂತೆ.

ಎರಡು ತಿಂಗಳಾಯಿತು. ಠಾಣೆಯಿಂದ ಗಜಕೋಲು ವಾಪಸು ಬಂತು. ಬೇರೆ ಟೈಲರಿಗೆ ಕೊಟ್ಟ ಬಟ್ಟೆಗಳು ಮೈಗೆ ಹೊಂದದೆ ಹೆಂಗಸರೂ ಒಬ್ಬೊಬ್ಬರಾಗಿ ವಾಪಸು ಬಂದರು. ಅಧ್ಯಕ್ಷೆಯ ಎರಡನೇ ತೋಳೂ ಕೂಡಿತು. ಕಚೇರಿಯಲ್ಲಿ ನಾನು ಬಿಸ್ಕತ್ತಿನ ಡಬ್ಬವನ್ನು ಅಕ್ಕನ ಕೈಗೆ ಕೊಟ್ಟು, ಯಾರೆಂದು ಗೊತ್ತಿಲ್ಲದವರ ಚಿತ್ರ ಇನ್ನು ಮುಂದೆ ಬೇಡ ಎಂದೆ. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುಖ ಕೊಟ್ಟು ಕ್ಷಮೆ ಕೇಳುವುದೊಂದು ಬಾಕಿಯಿತ್ತು. ಅದಕ್ಕೆಂದು, ಬೇಕಿಲ್ಲದ ಅಂಗಿಯೊಂದಕ್ಕೆ ಬಟ್ಟೆ ತೆಗೆದುಕೊಂಡು ಅಂಗಡಿಗೆ ಹೋದೆ.

ಟೈಲರು ಬನ್ನಿ ಎಂದರು. ಬಟ್ಟೆ ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. ಹೆಂಡತಿ ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದರು. ಪಿಸುಮಾತೂ ಇರಲಿಲ್ಲ, ನಗುವೂ ಇರಲಿಲ್ಲ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಠಾಣೆಯಲ್ಲಿ ಬಾಯಿ ಬಿಡದೆ ಇದ್ದದ್ದನ್ನೂ ಹೇಳಿದೆ.

“ಹೋಗ್ಲಿ ಬಿಡಿ ಸಾರ್. ನೀವೂ ಬೇಕು ಅಂತ ಮಾಡಿದ್ದಲ್ಲ,” ಎಂದು ಟೇಪು ತೆಗೆದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಎದೆ, ಸೊಂಟ, ತೋಳು ಅಳೆದರು. ಭುಜದ ಅಳತೆಗೆ ಬಂದಾಗ ಒಂದು ಸ್ಟೂಲು ಎಳೆದು, “ಕೂತ್ಕೊಳ್ಳಿ ಸಾರ್,” ಎಂದರು.

“ಭುಜದ ಅಳತೆ ನಿಂತೇ ತಗೋತಿದ್ರಲ್ಲ?”

ಅವರು ಸ್ಟೂಲನ್ನು ಇನ್ನಷ್ಟು ಹತ್ತಿರ ತಳ್ಳಿದರು. ನಾನು ಕೂತೆ. ಅವರು ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಅಳೆದು ಪುಸ್ತಕದಲ್ಲಿ ಬರೆದುಕೊಂಡರು.

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದಿರಬಹುದು, ಟೈಲರ ಹೆಂಡತಿ ರಸೀದಿ ಹಿಡಿದುಕೊಂಡು ಹಿಂದೆಯೇ ಬಂದರು. ರಸೀದಿ ಕೊಟ್ಟ ಮೇಲೂ ಹೋಗಲಿಲ್ಲ.

“ಸ್ಟೂಲು ಯಾಕೆ ಅಂತ ಕೇಳಿದ್ರಲ್ಲ ಸಾರ್. ಹೋದ ತಿಂಗಳು ಒಂದಿನ ತುಂಬಾ ಸೆಖೆ ಇತ್ತು. ಇವರು ಫ್ಯಾನ್ ಹಾಕೋಕೆ ಅಂತ ಕೈ ಎತ್ತಿದ್ರು. ಸ್ವಿಚ್ಚು ನಾನು ಕೂರೋ ಜಾಗದ ಮೇಲೇ ಇರೋದು. ನಾನು ಮುಖ ಮುಚ್ಕೊಂಡ್ಬಿಟ್ಟೆ.”

ನಾನು ರಸೀದಿಯನ್ನು ಮಡಚುತ್ತಾ ನಿಂತೆ.

“ಯಾಕೆ ಅಂತ ನಂಗೂ ಗೊತ್ತಿಲ್ಲ ಸಾರ್. ದಿನಾ ಎಲ್ರೂ ಕೇಳಿ ಕೇಳಿ, ಆ ಫೋಟೋ ನೋಡಿ ನೋಡಿ... ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.”

“ಅವರು ಏನಂದ್ರಮ್ಮ?”

“ಏನೂ ಅನ್ಲಿಲ್ಲ. ಎತ್ತಿದ ಕೈ ಹಾಗೇ ಇಳಿಸಿದ್ರು,” ಎಂದು ಅವರು ಅಂಗಡಿಯ ಕಡೆ ತಿರುಗಿದರು. “ಅವತ್ತಿಂದ ಫ್ಯಾನ್ ನಾನೇ ಹಾಕ್ತೀನಿ.”